ಟೈರ್ ಎಷ್ಟು ಕಿಲೋಮೀಟರ್ ಬರುತ್ತೆ ಅನ್ನೋದಕ್ಕೆ ಮೊದಲು

ಮುಂಗಾರಿಗೆ ಮುಂಚೆ ಟೈರಿನ ಪ್ರಶ್ನೆಗಳು ಸಾಲುಗಟ್ಟಿ ಬರುತ್ತವೆ. ಈ ಸಲ ಮೂರನ್ನು ತೆಗೆದುಕೊಂಡಿದ್ದೇನೆ. ಜಾಗವನ್ನೆಲ್ಲ ಮೊದಲನೆಯದೇ ತಿಂದುಬಿಟ್ಟಿದೆ, ಉಳಿದಿಬ್ಬರು ಮನ್ನಿಸಬೇಕು.

ಪ್ರಶ್ನೆ: ನಮ್ಮದು ಆರು ವರ್ಷದ ಸ್ವಿಫ್ಟ್ ಝಡ್‌ಎಕ್ಸ್‌ಐ. 52,000 ಕಿ.ಮೀ. ಓಡಿದೆ, ಗಾಡಿಯ ಜೊತೆ ಬಂದ ಟೈರ್‌ಗಳೇ ಇವೆ. ಮಗಳು ಬೆಂಗಳೂರಿನಲ್ಲಿದ್ದಾಳೆ, ತಿಂಗಳಿಗೊಮ್ಮೆಯಾದರೂ ಘಾಟಿ ಹತ್ತಿ ಇಳಿಯುತ್ತೇವೆ. ನಾಲ್ಕಕ್ಕೂ ಸೇರಿ 24,000 ರೂಪಾಯಿ ದಾಟಬಾರದು. ಒಬ್ಬ ಅಂಗಡಿಯವರು ‘ಇದು 70 ಸಾವಿರ ಕಿ.ಮೀ. ಬರ್ತದೆ ಮಾಷ್ಟ್ರೇ’ ಎಂದು ಒಂದನ್ನು ತೋರಿಸಿದರು. ಇನ್ನೊಬ್ಬರು ‘ನಾಲ್ಕು ಯಾಕೆ, ಎರಡು ತೆಗೆದು ಮುಂದಕ್ಕೆ ಹಾಕಿ, ಸಾಕು’ ಎಂದರು. ಯಾರ ಮಾತು ಕೇಳಲಿ?
ನಿವೃತ್ತ ಶಿಕ್ಷಕರು, ಬೆಳ್ತಂಗಡಿ

ಉತ್ತರ: ಮಾಷ್ಟ್ರೇ, ಇಬ್ಬರದ್ದೂ ಬೇಡ. ಮೊದಲು ಒಂದು ಸಣ್ಣ ಭಾಗಾಕಾರ ಮಾಡಿ. ಆರು ವರ್ಷಕ್ಕೆ 52,000 ಅಂದರೆ ವರ್ಷಕ್ಕೆ ಒಂಬತ್ತು ಸಾವಿರ ಕಿ.ಮೀ.ಗೂ ಕಡಿಮೆ. 70 ಸಾವಿರ ಬರುವ ಟೈರನ್ನು ಸವೆಸಲು ನಿಮಗೆ ಎಂಟು ವರ್ಷ ಬೇಕು. ರಬ್ಬರು ಅಷ್ಟು ವರ್ಷ ಮೆತ್ತಗೆ ಇರುವುದಿಲ್ಲ. ಬಿಸಿಲು, ಗಾಳಿ, ಕಾವು ಸೇರಿ ಅದನ್ನು ಒಣಗಿಸಿ ಗಟ್ಟಿ ಮಾಡುತ್ತವೆ. ನೋಡಲು ಕಚ್ಚು (ಟೈರಿನ ಮೈಮೇಲೆ ಕೊರೆದ ಗೀರುಗಳು) ಚೆನ್ನಾಗಿರುತ್ತದೆ, ಮಳೆಯಲ್ಲಿ ಬ್ರೇಕ್ ತುಳಿದರೆ ಮಾತ್ರ ಜಾರುತ್ತದೆ. ಅಂದರೆ ಕೊನೆಯ 25 ಸಾವಿರ ಕಿ.ಮೀ.ಗೆ ನೀವು ದುಡ್ಡು ಕೊಟ್ಟಿರುತ್ತೀರಿ, ಆದರೆ ಅದನ್ನು ಓಡಿಸಬಾರದು.

ದುಡ್ಡು ಮಾತ್ರವಲ್ಲ, ಹಿಡಿತವನ್ನೂ ಕೊಟ್ಟಿರುತ್ತೀರಿ. ಟೈರ್ ಮಾಡುವವರಿಗೆ ಮೂರು ಬೇಡಿಕೆ ಎದುರಿಗಿರುತ್ತವೆ: ಬೇಗ ಸವೆಯಬಾರದು, ಒದ್ದೆ ರಸ್ತೆಯಲ್ಲಿ ಕಚ್ಚಬೇಕು, ಹಗುರಾಗಿ ಉರುಳಿ ಪೆಟ್ರೋಲ್ ಉಳಿಸಬೇಕು. ಒಂದನ್ನು ಎಳೆದರೆ ಇನ್ನೊಂದು ಸಡಿಲಾಗುತ್ತದೆ. ರಬ್ಬರಿಗೆ ಕಾರ್ಬನ್ ಮಸಿಯ ಜೊತೆ ಸಿಲಿಕಾ ಬೆರೆಸಲು ಶುರು ಮಾಡಿದ ಮೇಲೆ ಈ ಜಗ್ಗಾಟ ಸ್ವಲ್ಪ ತಗ್ಗಿದೆ, ಪೂರ್ತಿ ಮುಗಿದಿಲ್ಲ. ಮಧ್ಯಮ ಬೆಲೆಯಲ್ಲಂತೂ ಒಂದಾದರೂ ರಾಜಿ ಇದ್ದೇ ಇರುತ್ತದೆ. ಯಾವುದನ್ನು ಬಿಡಬಹುದು ಅಂತ ನಿಮ್ಮ ರಸ್ತೆ ನೋಡಿ ನೀವೇ ತೀರ್ಮಾನಿಸಬೇಕು. ವರ್ಷದಲ್ಲಿ ನಾಲ್ಕೈದು ತಿಂಗಳು ಒದ್ದೆಯಾಗಿರುವ ಚಾರ್ಮಾಡಿ, ಶಿರಾಡಿಯಲ್ಲಿ ಓಡಾಡುವವರು ಬಿಡಬೇಕಾದದ್ದು ಬಾಳಿಕೆಯನ್ನು, ಹಿಡಿತವನ್ನಲ್ಲ.

ಹಾಗಾಗಿ ‘ಯಾವ ಕಂಪನಿ ಒಳ್ಳೆಯದು?’ ಎಂಬ ಪ್ರಶ್ನೆಯಿಂದ ಅರ್ಧ ಕೆಲಸವಷ್ಟೇ ಆಗುತ್ತದೆ. ಒಂದೇ ಕಂಪನಿ ಎರಡೂ ಬಗೆ ಮಾಡುತ್ತದೆ. ಅಪೊಲೊದಲ್ಲಿ ಅಮೇಜರ್ 4ಜಿ ಲೈಫ್ ಬಾಳಿಕೆಗಾಗಿ ಮಾಡಿದ್ದು, ಅಲ್ನಾಕ್ ಸಾಲಿನದ್ದು ಹಿಡಿತ ಮತ್ತು ತಿರುವಿಗೆ. ಸಿಯೆಟ್‌ನಲ್ಲಿ ಮೈಲೇಜ್ ಎಕ್ಸ್3 ದೂರಕ್ಕೆ, ಸೆಕ್ಯುರಾಡ್ರೈವ್ ಹಿಡಿತಕ್ಕೆ. ಅಂಗಡಿಯಲ್ಲಿ ‘ಅಪೊಲೊ ಕೊಡಿ’ ಅಂದರೆ ಹೆಚ್ಚು ಮಾರಾಟವಾಗುವುದನ್ನು ಕೊಡುತ್ತಾರೆ, ಅದು ಸಾಮಾನ್ಯವಾಗಿ ಬಾಳಿಕೆಯದ್ದೇ. ನಮ್ಮ ಜನ ಮೊದಲು ಕೇಳುವುದೇ ‘ಎಷ್ಟು ಕಿಲೋಮೀಟರ್ ಬರುತ್ತೆ?’ ಎಂದು, ಪಾಪ ಅವರದೇನು ತಪ್ಪು! ನೀವು ‘ಮಳೆಗೆ ಬ್ರೇಕ್ ಹಿಡಿಯುವಂಥದ್ದು ಯಾವುದಿದೆ?’ ಎಂದು ಕೇಳಿ ನೋಡಿ, ಹಿಂದಿನ ಸಾಲಿನಿಂದ ಬೇರೆಯದೇ ಹೊರಗೆ ಬರುತ್ತದೆ.

ನಿಮ್ಮ ಸೈಜು 185/65 ಆರ್15: 185 ಮಿ.ಮೀ. ಅಗಲ, ಅದರ ಶೇ 65ರಷ್ಟು ಪಕ್ಕದ ಎತ್ತರ, 15 ಇಂಚಿನ ರಿಮ್. ಸದ್ಯ ಇದಕ್ಕೆ ತಲಾ ಸುಮಾರು ನಾಲ್ಕೂವರೆ ಸಾವಿರದಿಂದ ಎಂಟು ಸಾವಿರದವರೆಗೆ ಹೇಳುತ್ತಾರೆ. ಆರು ಸಾವಿರದ ಒಳಗೆ ಅಲ್ನಾಕ್, ಸೆಕ್ಯುರಾಡ್ರೈವ್ ಸಿಗಬೇಕು, ಚೌಕಾಸಿ ಮಾಡಿದರೆ ಯೊಕೊಹಾಮಾ ಅಥವಾ ಗುಡ್‌ಇಯರ್ ಕೂಡ. ನನ್ನ ಓಟು ಇವುಗಳಲ್ಲಿ ಒಂದಕ್ಕೆ. ಮಿಶೆಲಿನ್ ಮಳೆಗೆ ಚೆನ್ನಾಗಿದೆ, ಆದರೆ ನಿಮ್ಮ ಲೆಕ್ಕ ಮೀರಬಹುದು. ಮೀರಿಸಿಕೊಂಡು ಅಲೈನ್‌ಮೆಂಟ್‌ಗೆ (ಚಕ್ರಗಳನ್ನು ನೇರ ಮಾಡಿಸುವುದಕ್ಕೆ) ಕೈ ಬಿಗಿಹಿಡಿಯುವುದಕ್ಕಿಂತ ಮಧ್ಯಮದ್ದನ್ನೇ ಹಾಕಿಸಿ, ಅದನ್ನು ಸರಿಯಾಗಿ ನೋಡಿಕೊಳ್ಳುವುದು ಮೇಲು. ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 5,000 ಇದ್ದದ್ದು ಮೊದಲು 6,400 ಆಗುತ್ತಿತ್ತು, ಈಗ 5,900. ಯಾರಾದರೂ ಹಳೆಯ ದರಪಟ್ಟಿ ಬಿಚ್ಚಿದರೆ ಮೆಲ್ಲಗೆ ನೆನಪಿಸಿ.

ಸೈಜಿನ ಪಕ್ಕದಲ್ಲಿ 88 ಎಚ್ ಎಂಬಂಥ ಗುರುತು ಇರುತ್ತದೆ. 88 ಅಂದರೆ ಒಂದು ಟೈರ್ 560 ಕಿಲೋ ಹೊರಬಲ್ಲದು. ಅಕ್ಷರ ವೇಗದ ಮಿತಿ: ಎಸ್ 180, ಟಿ 190, ಎಚ್ 210 ಕಿ.ಮೀ. ಈಗಿರುವುದಕ್ಕಿಂತ ಎರಡರಲ್ಲಿ ಯಾವುದೂ ಕೆಳಗಿಳಿಯಬಾರದು. ‘ನಾನು ಎಂಬತ್ತು ದಾಟುವುದೇ ಇಲ್ಲ’ ಎಂದು ಅಕ್ಷರ ಇಳಿಸಿಕೊಳ್ಳಬೇಡಿ. ಮೇಲಿನ ಅಕ್ಷರದ ಟೈರ್ ಕಾವು ತಡೆಯುವುದರಲ್ಲೂ ಮೇಲೇ. ಐಎಸ್‌ಐ ಗುರುತು ಇಲ್ಲದ್ದನ್ನು ಮುಟ್ಟಲೇಬೇಡಿ.

ಇನ್ನು ಎರಡು ಹಾಕಿ ಎಂದವರ ಮಾತು. ದುಡ್ಡಿನ ಬಿಗಿ ಇದ್ದರೆ ಎರಡೇ ಹಾಕಿಸಬಹುದು, ಆದರೆ ಹೊಸದು ಹೋಗಬೇಕಾದದ್ದು ಹಿಂದಕ್ಕೆ. ಎಂಜಿನ್ ಮುಂದಿದೆ, ಎಳೆಯುವುದು ಮುಂದಿನ ಚಕ್ರ, ಸ್ಟೀರಿಂಗೂ ಅಲ್ಲೇ, ಹಾಗಾಗಿ ಹೊಸದು ಮುಂದೆ ಅನ್ನುವುದು ಸಹಜವಾಗಿ ಕಾಣುತ್ತದೆ. ಆದರೆ ನೀರಿನ ಮೇಲೆ ಮುಂದಿನ ಟೈರ್ ತೇಲಿದರೆ ಸ್ಟೀರಿಂಗ್ ಹಗುರಾಗಿ ಕೈಗೆ ತಿಳಿಯುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಗಾಡಿ ನಿಧಾನಿಸಿ ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ತೇಲಿದರೆ ಸುಳಿವೇ ಇಲ್ಲ, ಗಾಡಿ ಬುಗುರಿಯಂತೆ ತಿರುಗುತ್ತದೆ. ಗಾಬರಿಯಲ್ಲಿ ಕಾಲು ತೆಗೆದರೆ ಇನ್ನೂ ಜೋರಾಗಿ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ವರ್ಷಗಳ ಹಿಂದೆ ನಾನೇ ಹೊಸ ಜೋಡಿಯನ್ನು ಮುಂದೆ ಹಾಕಿಸಿಕೊಂಡು ಸಕಲೇಶಪುರ ದಾಟಿ ಇಳಿಯುತ್ತಿದ್ದೆ. ಜಡಿಮಳೆ, ವೇಗ ಐವತ್ತೂ ಇರಲಿಲ್ಲ. ಒಂದು ತಿರುವಿನಲ್ಲಿ ಗಾಡಿಯ ಮೂತಿ ಬಂದ ದಾರಿಗೇ ತಿರುಗಿ ನಿಂತಿತು. ಎದುರಿಗೆ ಬಸ್ಸು ಬರುತ್ತಿರಲಿಲ್ಲ, ಅಷ್ಟೇ. ನಿಮ್ಮವು ಆರು ವರ್ಷದವು, ನಾಲ್ಕನ್ನೂ ಒಟ್ಟಿಗೇ ತೆಗೆಸಿಬಿಡಿ.

ಕಾನೂನಿನ ಪ್ರಕಾರ ಕಚ್ಚಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಕಚ್ಚಿನ ನಡುವೆ ಅಲ್ಲಲ್ಲಿ ಸಣ್ಣ ದಿಬ್ಬಗಳಿವೆ, ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಮುಗಿಯಿತು. ಆದರೆ ನಿಮ್ಮ ಕಡೆಯ ಮಳೆಗೆ 3 ಮಿ.ಮೀ.ಗೆ ಬಂದಾಗಲೇ ಬದಲಿಸಿ. ಸವೆದಷ್ಟೂ ನೀರು ಹೊರದೂಡುವ ಚರಂಡಿ ಕಿರಿದಾಗುತ್ತದೆ.

ಹಾಕಿಸುವ ದಿನ ಅಲ್ಲೇ ನಿಂತು ನೋಡಿ. ಗಾಳಿಯ ವಾಲ್ವ್ ಹೊಸದಾಗಲಿ. ಬ್ಯಾಲೆನ್ಸಿಂಗ್ (ಚಕ್ರದ ಸುತ್ತಲ ತೂಕ ಸಮ ಮಾಡುವುದು), ಅಲೈನ್‌ಮೆಂಟ್ ಎರಡೂ ಆಗಲಿ. ಬಾಣದ ಗುರುತು ಅಥವಾ ‘ಔಟ್‌ಸೈಡ್’ ಎಂದು ಬರೆದಿದ್ದರೆ ಅದರಂತೆಯೇ ಕೂರಿಸಿದ್ದಾರಾ ನೋಡಿ. ಬಿಲ್ಲಿನಲ್ಲಿ ಟೈರಿನ ನಂಬರ್‌ಗಳನ್ನು ಬರೆಸಿಕೊಳ್ಳಿ, ನಾಳೆ ವಾರಂಟಿ ಕೇಳುವಾಗ ಅದೇ ಆಧಾರ. ಗುಂಡಿಗೆ ಬಿದ್ದು ಪಕ್ಕದಲ್ಲಿ ಗುಳ್ಳೆ ಬಂದರೆ ಮಾಮೂಲಿ ವಾರಂಟಿಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಅದನ್ನು ಮೊದಲೇ ಕೇಳಿಕೊಳ್ಳಿ. ನೈಟ್ರೋಜನ್ ಹಾಕಲೇ ಎಂದು ಕೇಳುತ್ತಾರೆ. ಮಾಮೂಲಿ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ, ಬಿಟ್ಟಿ ಇದ್ದರೆ ಹಾಕಿಸಿಕೊಳ್ಳಿ. ಮೊದಲ ಇನ್ನೂರು ಮುನ್ನೂರು ಕಿ.ಮೀ. ಹೊಸ ಟೈರ್ ನುಣುಪಾಗಿರುತ್ತದೆ, ಅಷ್ಟು ಓಡುವವರೆಗೆ ಘಾಟಿಯಲ್ಲಿ ಅವಸರ ಬೇಡ.

ಪ್ರಶ್ನೆ: ನಂದು 2018ರ ಗಾಡಿ, ಮನೆಯಿಂದ ಬ್ಯಾಂಕಿಗೆ ಅಷ್ಟೇ ಓಡಾಟ, 21,000 ಕಿ.ಮೀ. ಸೈತ ಆಗಿಲ್ಲ. ಟೈರ್ ಹೊಸದರಂಗ ಕಾಣತಾವ, ಆದ್ರ ಪಕ್ಕದಾಗ ಕೂದಲೆಳೆಯಂಥಾ ಬಿರುಕು ಬಂದಾವ. ಬದಲಿ ಮಾಡಲೇಬೇಕೇನ್ರಿ? ಅಂಗಡಿಯವರು ಒಂದೂವರೆ ವರ್ಷದ ಹಿಂದಿನ ಸ್ಟಾಕ್ ಅದ, ಕಮ್ಮಿಗೆ ಕೊಡ್ತೀನಿ ಅಂತಾರ.
ಬ್ಯಾಂಕ್ ಉದ್ಯೋಗಿ, ಕಲಬುರಗಿ

ಉತ್ತರ: ಮೇಡಂ, ಬದಲಿಸಿ. ನಿಮ್ಮ ಟೈರ್ ಸವೆದಿಲ್ಲ, ಮುಪ್ಪಾಗಿದೆ. ನಲವತ್ತು ಡಿಗ್ರಿ ದಾಟುವ ಊರಿನ ಬಿಸಿಲಲ್ಲಿ ದಿನವಿಡೀ ನಿಲ್ಲುವ ಗಾಡಿಗೆ ಇದು ಮಾಮೂಲಿ. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ತುದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 4017 ಅಂತಿದ್ದರೆ 2017ರ 40ನೇ ವಾರದಲ್ಲಿ ತಯಾರಾದದ್ದು. ಒಂದೇ ಬದಿಯಲ್ಲಿ ಅಚ್ಚಾಗಿರುವುದರಿಂದ ಕೆಲವೊಮ್ಮೆ ಗಾಡಿಯ ಅಡಿಗೆ ಬಗ್ಗಿ ನೋಡಬೇಕಾಗುತ್ತದೆ. ಐದು ವರ್ಷ ಕಳೆದ ಮೇಲೆ ಪ್ರತಿವರ್ಷ ತೋರಿಸಬೇಕು. ಬಿರುಕು ಬಿಟ್ಟ ಮೇಲೆ ಲೆಕ್ಕಾಚಾರವೇ ಬೇಡ.

ಹಳೆಯ ಸ್ಟಾಕ್ ವಿಚಾರ: ನೆರಳಲ್ಲಿ ಇಟ್ಟ ಟೈರ್ ಆರು ತಿಂಗಳು, ವರ್ಷ ಹಳೆಯದಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ನಿಮಗೆ ಬೇಡ. ವರ್ಷಕ್ಕೆ ಮೂರು ಸಾವಿರ ಕಿ.ಮೀ. ಓಡಿಸುವವರ ಟೈರ್ ಸಾಯುವುದು ವಯಸ್ಸಿನಿಂದ, ಅದರಲ್ಲಿ ಒಂದೂವರೆ ವರ್ಷ ಅಂಗಡಿಯಲ್ಲೇ ಕಳೆದಿರುತ್ತದೆ. ತಿಂಗಳಿಗೆ ಐದು ಸಾವಿರ ಓಡಿಸುವವರಿಗೆ ಅದು ಒಳ್ಳೆಯ ವ್ಯಾಪಾರ. ಮೇಲಿನ ಮಾಷ್ಟ್ರಿಗೆ ಹೇಳಿದ್ದು ನಿಮಗೆ ಇನ್ನೂ ಹೆಚ್ಚು ಅನ್ವಯ: 70 ಸಾವಿರದ ಭರವಸೆಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ನೋಡಿಸಿ. ಮಧ್ಯಾಹ್ನ ಓಡಿಸಿಕೊಂಡು ಹೋದರೆ ಮೂರು ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚೇ ತೋರಿಸುತ್ತದೆ. ಹೆಚ್ಚಾಗಿದೆ ಎಂದು ಬಂಕ್ ಹುಡುಗ ಇಳಿಸಲು ಬಂದರೆ ಬಿಡಬೇಡಿ. ಗಾಳಿ ಕಮ್ಮಿ ಇದ್ದಾಗಲೇ ಟೈರ್ ಹೆಚ್ಚು ಮಡಚಿ ಕಾಯುವುದು. ಎಷ್ಟಿರಬೇಕು ಅನ್ನುವುದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿದೆ.

ಪ್ರಶ್ನೆ: ಸಾರ್, ಡಿಸೈರ್ ಕ್ಯಾಬ್ ಓಡಿಸ್ತೀನಿ, ತಿಂಗಳಿಗೆ 5,000 ಕಿ.ಮೀ. ಈಗಿರೋದು 165/80 ಆರ್14. ಅದೇ ರಿಮ್ಮಿಗೆ 185/70 ಹಾಕಿದ್ರೆ ಗ್ರಿಪ್ ಜಾಸ್ತಿ ಅಂತಾರೆ. ಜೆ.ಸಿ. ರೋಡ್ ಕಡೆ ಸೆಕೆಂಡ್ ಹ್ಯಾಂಡ್ ಟೈರ್ ಅರ್ಧ ರೇಟಿಗೆ ಸಿಗುತ್ತೆ. ಏನ್ ಮಾಡ್ಲಿ?
ಕ್ಯಾಬ್ ಚಾಲಕ, ಬೆಂಗಳೂರು

ಉತ್ತರ: ಅಣ್ಣಾ, ಆ 70 ಸಾವಿರದ ಟೈರ್ ಇರುವುದೇ ನಿಮಗಾಗಿ. ವರ್ಷಕ್ಕೆ 60 ಸಾವಿರ ಓಡಿಸುವವರ ಟೈರಿಗೆ ಮುಪ್ಪಾಗಲು ಪುರುಸೊತ್ತೇ ಇಲ್ಲ. ಅಮೇಜರ್, ಮೈಲೇಜ್, ಎಂಆರ್‌ಎಫ್‌ನ ಝಡ್‌ವಿಟಿವಿ, ಯಾವುದಕ್ಕೆ ನಿಮ್ಮ ಏರಿಯಾದಲ್ಲಿ ವಾರಂಟಿ ಸುಲಭವಾಗಿ ಸಿಗುತ್ತದೋ ಅದನ್ನು ಹಾಕಿ.

ಅಗಲದ ಟೈರ್ ಬೇಡ. 165/80ರ ಎತ್ತರ ಸುಮಾರು 620 ಮಿ.ಮೀ., 185/70ರದು 615, ಹಾಗಾಗಿ ಕೂರುತ್ತದೆ, ಸ್ಪೀಡೋಮೀಟರೂ ಹೆಚ್ಚು ತಪ್ಪುವುದಿಲ್ಲ. ಆದರೆ ಸ್ಟೀರಿಂಗ್ ಭಾರ, ಮೈಲೇಜ್ ಇಳಿತ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅಗಲದ ಗ್ರಿಪ್ ಎಲ್ಲಿ ಉಪಯೋಗಕ್ಕೆ ಬರುತ್ತದೆ ಹೇಳಿ? ಆ ದುಡ್ಡಿನಲ್ಲಿ ಎರಡು ತಿಂಗಳಿಗೊಮ್ಮೆ ಟೈರ್ ರೊಟೇಶನ್ ಮಾಡಿಸಿ: ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಅಡ್ಡವಾಗಿ ಮುಂದಕ್ಕೆ. ಡಿಸೈರ್‌ನಲ್ಲಿ ಮುಂದಿನ ಜೋಡಿಯೇ ಬೇಗ ಬೋಳಾಗುವುದು, ತಿರುಗಿಸಿದರೆ ನಾಲ್ಕೂ ಸಮನಾಗಿ ಸವೆಯುತ್ತವೆ.

ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಹೊರಗೆ ಕಪ್ಪು ಪಾಲಿಶ್ ಹೊಡೆದಿರುತ್ತಾರೆ, ಒಳಗೆ ಪ್ಯಾಚ್ ಎಷ್ಟಿದೆ, ಗಾಳಿಯಿಲ್ಲದೆ ಎಷ್ಟು ದೂರ ಓಡಿಸಿದ್ದಾರೆ ಅನ್ನುವುದು ಕಾಣುವುದಿಲ್ಲ. ತೀರಾ ಕೈ ಕಟ್ಟಿದ್ದರೆ ಹೊಸದು ಎರಡೇ ತೆಗೆದು ಹಿಂದಕ್ಕೆ ಹಾಕಿ, ಹಳೆಯ ನಾಲ್ಕರಲ್ಲಿ ಚೆನ್ನಾಗಿರುವ ಎರಡು ಮುಂದಿರಲಿ. ರೊಟೇಶನ್ ಮಾತು ನಾಲ್ಕೂ ಸಮ ಇರುವಾಗ ಮಾತ್ರ. ಹಾಗೇ ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಗಾಳಿ ನೋಡಿಸಿಬಿಡಿ.