ಟೊಮಿಕಾದ ಬಸ್ಸೂ ಕಾರೂ ಒಂದೇ ಉದ್ದ ಇದ್ದರೆ ನಕಲಿಯೇ?

ಮಗನಿಗೆಂದು ತರಿಸಿದ, ಟೊಮಿಕಾ ಎಂಬ ಜಪಾನಿ ಬ್ರ್ಯಾಂಡಿನ ಆಟಿಕೆ ಬಸ್ಸು ಮತ್ತು ಪುಟ್ಟ ಜಿಮ್ನಿ ಕಾರು ಪಕ್ಕಪಕ್ಕ ಇಟ್ಟರೆ ಹೆಚ್ಚುಕಮ್ಮಿ ಒಂದೇ ಉದ್ದ ಇವೆ, ಮೋಸ ಹೋದೆನಾ ಎಂದು ಕೇಳಿದ್ದೀರಿ. ಅದೊಂದೇ ಕಾರಣಕ್ಕೆ ನಕಲಿ ಅನ್ನಬೇಡಿ. ಟೊಮಿಕಾ ಇರುವುದೇ ಹಾಗೆ.

ಇಲ್ಲಿ ಮೊದಲು ನಿಗದಿಯಾಗುವುದು ಡಬ್ಬಿಯ ಅಳತೆ. ಗಾಡಿ ಯಾವುದೇ ಇರಲಿ, ಹೆಚ್ಚಾಗಿ ಸುಮಾರು ಏಳು ಸೆಂಟಿಮೀಟರ್ ಆಸುಪಾಸಿಗೆ ಇಳಿಸಿ ಆ ಕೆಂಪು-ಬಿಳಿ ಡಬ್ಬಿಯೊಳಗೆ ಕೂರಿಸುತ್ತಾರೆ. ಮಗುವಿನ ಮುಷ್ಟಿಗೆ ಸರಿಹೊಂದುವ ಗಾತ್ರ ಅದು. ಗಾಡಿಯನ್ನು ತಿರುಗಿಸಿ ತಳ ನೋಡಿ: ಟೊಮಿಕಾ ಹೆಸರು, ಮಾಡೆಲ್ ಹೆಸರು, ತಯಾರಾದ ದೇಶ, ಜೊತೆಗೆ ಸ್ಕೇಲ್, ಅಂದರೆ ಆಟಿಕೆ ನಿಜವಾದ ಗಾಡಿಯ ಎಷ್ಟನೇ ಒಂದು ಪಾಲು ಎಂಬ ಲೆಕ್ಕ, ಅಚ್ಚಾಗಿರುತ್ತದೆ. ಸಣ್ಣ ಕಾರಿಗೆ ಅದು 1/60ರ ಹತ್ತಿರ, ಬಸ್ಸಿಗೆ 1/100ನ್ನೂ ದಾಟುತ್ತದೆ. ಅಕ್ಷರಗಳು ಸ್ಪಷ್ಟವಾಗಿದ್ದು, ಮೇಲಿಂದ ಬೆರಳಲ್ಲಿ ಒತ್ತಿದಾಗ ಚಕ್ರದ ಮೇಲೆ ಮೆತ್ತಗೆ ಕುಗ್ಗಿ ಎದ್ದರೆ ಒಳ್ಳೆಯ ಲಕ್ಷಣ. ಆ ಸಸ್ಪೆನ್ಷನ್ ನನಗಂತೂ ಈಗಲೂ ಇಷ್ಟ. ತಯಾರಿಕೆ ವಿಯೆಟ್ನಾಂ ಎಂದಿದ್ದರೆ ಗಾಬರಿ ಬೇಡ, ಈಗಿನವು ಬರುವುದೇ ಅಲ್ಲಿಂದ.

ಜಪಾನಿನ ಆಟಿಕೆ ಕಂಪನಿ ಟೋಮಿ ಈ ಟೊಮಿಕಾವನ್ನು ಶುರು ಮಾಡಿದ್ದು 1970ರಲ್ಲಿ. ಆಗ ಜಪಾನಿನ ಅಂಗಡಿಗಳಲ್ಲಿ ಈ ಗಾತ್ರದ ಆಟಿಕೆ ಕಾರು ಎಂದರೆ ಹೆಚ್ಚಾಗಿ ಹೊರದೇಶದ್ದು, ಅದರ ಮಾಡೆಲ್‌ಗಳೂ ಹೊರದೇಶದವು. ಜಪಾನಿನ ಮಕ್ಕಳಿಗೆ ತಮ್ಮ ಬೀದಿಯ ಕಾರೇ ಸಿಗುತ್ತಿರಲಿಲ್ಲ. ಮೊದಲು ಬಂದ ಆರೂ ಜಪಾನಿನವು: ಬ್ಲೂಬರ್ಡ್, ಕೊರೋನಾ ಮಾರ್ಕ್ 2, ಕ್ರೌನ್, ಕ್ರೌನ್ ಪೊಲೀಸ್ ಕಾರು, ಟೊಯೋಟಾ 2000ಜಿಟಿ, ಫೇರ್‌ಲೇಡಿ ಝಡ್ 432. ಬೆಲೆ 180 ಯೆನ್. ಆರರಲ್ಲಿ ಒಂದು ಪೊಲೀಸ್ ಕಾರು ಇತ್ತಲ್ಲ, ಅದೇ ನನಗೆ ಮುಖ್ಯ ಅನ್ನಿಸುತ್ತದೆ. ಇವತ್ತಿಗೂ ಕಸದ ಲಾರಿ, ಆಂಬುಲೆನ್ಸ್, ಕ್ರೇನು, ಊರಬಸ್ಸುಗಳಿಗೆ ಅಲ್ಲಿ ಸ್ಪೋರ್ಟ್ಸ್ ಕಾರಿನಷ್ಟೇ ಮರ್ಯಾದೆ. ಮಗು ದಿನಾ ನೋಡುವ ಗಾಡಿ ಅದರ ಕೈಗೆ ಸಿಗಬೇಕು, ಅಷ್ಟೆ.

ಎಲ್ಲವೂ ಒಂದೇ ಸ್ಕೇಲಿನಲ್ಲಿ ಬೇಕೇ ಬೇಕು ಅಂದರೆ 2004ರಿಂದ ಬರುತ್ತಿರುವ ಟೊಮಿಕಾ ಲಿಮಿಟೆಡ್ ವಿಂಟೇಜ್ ನೋಡಿ. ಅದು 1/64. ಆದರೆ ಅದು ದೊಡ್ಡವರು ಕಪಾಟಿನಲ್ಲಿಡುವ ಸಂಗ್ರಹ, ಬೆಲೆಯೂ ಜಾಸ್ತಿ, ಸೂಕ್ಷ್ಮ ಭಾಗಗಳು ಮಗುವಿನ ಆಟಕ್ಕೆ ತಡೆಯುವುದಿಲ್ಲ. ನಿಮ್ಮ ಮಗನಿಗೆ ಕೆಂಪು-ಬಿಳಿ ಡಬ್ಬಿಯದೇ ಸರಿ. ಮುಂದಿನದು ಕೊಳ್ಳುವಾಗ ಬಾಗಿಲು ತೆರೆಯುವುದನ್ನೋ, ಕ್ರೇನಿನಂತೆ ಏನಾದರೂ ಎತ್ತಿ ಇಳಿಸುವುದನ್ನೋ ಆರಿಸಿ.