ನ್ಯೂಜಿಲೆಂಡಿನಲ್ಲಿ ಗೆಳೆಯನ ಜೊತೆ ಏಳು ದಿನ ಕಾರಿನಲ್ಲಿ ಸುತ್ತಬಹುದಾ?

ನಿಮ್ಮ ಪ್ರಶ್ನೆ ಇದು: ಗೆಳೆಯನ ಜೊತೆ ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಹೊರಟಿದ್ದೀರಿ, ಇರುವುದು 7 ದಿನ, ಬಂಜೀ ಜಂಪ್, ಜೆಟ್ ಬೋಟ್, ಟ್ರೆಕ್ಕಿಂಗ್ ಎಲ್ಲ ಬೇಕು, ಕಾರು ನೀವೇ ಓಡಿಸುತ್ತೀರಿ. ಇಷ್ಟೂ ಆಗುತ್ತಾ ಅಂತ ಕೇಳಿದ್ದೀರಿ.

ಆಗುತ್ತೆ. ಒಂದು ಫೆಬ್ರವರಿಯಲ್ಲಿ ನಾನೂ ನನ್ನ ಗೆಳೆಯನೂ ಇಷ್ಟೇ ದಿನದಲ್ಲಿ ಇದನ್ನೇ ಮಾಡಿದ್ದೇವೆ. ಮೈಸೂರಿನಲ್ಲಿ ಇಬ್ಬರೂ ಒಂದೇ ಕಾಲೇಜು. ಅವನು ಈಗ ಕ್ರೈಸ್ಟ್‌ಚರ್ಚ್‌ನಲ್ಲಿ ಕೆಲಸದಲ್ಲಿದ್ದಾನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೋಶ್ ಎಲ್ಲ ನೀರಿನಲ್ಲಿ, ಹಗ್ಗದ ಮೇಲೆ, ಬೆಟ್ಟದಲ್ಲಿ ಇರಲಿ. ಸ್ಟೀರಿಂಗ್ ಹಿಡಿದಾಗ ಮಾತ್ರ ಆತುರ ಬೇಡ. ನಮಗೆ ಇದು ಅರ್ಥವಾಗಿದ್ದು ಐದನೇ ದಿನ, ಅದೂ ಹೆದರಿದ ಮೇಲೆ.

ನಾವು ಹಿಡಿದ ದಾರಿ ಹೀಗೆ: ಕ್ರೈಸ್ಟ್‌ಚರ್ಚ್, ಟೆಕಾಪೊ ಸರೋವರ, ಮೌಂಟ್ ಕುಕ್, ಲಿಂಡಿಸ್ ಪಾಸ್ ದಾಟಿ ಕ್ವೀನ್ಸ್‌ಟೌನ್, ಅಲ್ಲಿಂದ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿರುವ ಮಿಲ್ಫರ್ಡ್ ಸೌಂಡ್. ಪಶ್ಚಿಮ ಕರಾವಳಿ ಕಡೆಯ ಫ್ರಾನ್ಜ್ ಜೋಸೆಫ್, ಫಾಕ್ಸ್ ಹಿಮನದಿಗಳನ್ನು ಬಿಟ್ಟೆವು. ನೀವೂ ಬಿಡಿ. ಏಳು ದಿನದಲ್ಲಿ ಅದನ್ನೂ ತುರುಕಲು ಹೋದರೆ ನೋಡುವುದು ಬರೀ ರಸ್ತೆಯನ್ನೇ.

ಟೆಕಾಪೊ ನೀರಿನ ಬಣ್ಣ ಫೋಟೊದಲ್ಲಿ ನೋಡಿ ಎಡಿಟ್ ಮಾಡಿದ್ದು ಅಂದುಕೊಂಡಿದ್ದೆ. ಅಲ್ಲ, ನಿಜವಾಗಿಯೂ ಹಾಗೇ ಇದೆ, ಹಾಲು ಬೆರೆಸಿದ ನೀಲಿ. ಹಿಮನದಿ ಕೆಳಗಿನ ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತದೆ. ಆ ನುಣುಪಾದ ಹಿಟ್ಟು ನೀರಿನಲ್ಲಿ ತೇಲುತ್ತಿರುವುದರಿಂದ ಈ ಬಣ್ಣ. ಒಂದು ರಾತ್ರಿ ಅಲ್ಲೇ ಉಳಿಯಿರಿ. 2012ರಿಂದ ಆ ಪ್ರದೇಶ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ರಿಸರ್ವ್, ಅಂದರೆ ರಾತ್ರಿಯ ಕತ್ತಲನ್ನು ಕಾಪಾಡುವ ಜಾಗ. ಬೀದಿ ದೀಪಗಳಿಗೂ ಅಲ್ಲಿ ಲೆಕ್ಕಾಚಾರವಿದೆ. ಮೋಡ ಇಲ್ಲದಿದ್ದರೆ ನಕ್ಷತ್ರ ತುಂಬಿ ಆಕಾಶದಲ್ಲಿ ಖಾಲಿ ಜಾಗವೇ ಕಾಣುವುದಿಲ್ಲ.

ಮೌಂಟ್ ಕುಕ್ ಆ ದೇಶದ ಅತಿ ಎತ್ತರದ ಶಿಖರ, 3,724 ಮೀಟರ್. ಅಲ್ಲಿನ ಮೂಲನಿವಾಸಿ ಮಾವೊರಿ ಜನ ಅದನ್ನು ಅವೊರಾಕಿ ಅನ್ನುತ್ತಾರೆ. ನಾವು ಹತ್ತಿದ್ದು ಅದರ ಎದುರಿನ ಸೀಲಿ ಟಾರ್ನ್ಸ್ ಹಾದಿ, ಸುಮಾರು 2,200 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಎರಡು ಸಲ ಹತ್ತಿದ ಹಾಗೆ ಅಂದುಕೊಳ್ಳಿ, ಮೇಲೆ ಇನ್ನೂರು. ಹೊರಡುವ ಮುಂಚೆ ಒಂದು ತಿಂಗಳು ವಾರಕ್ಕೆರಡು ಸಲವಾದರೂ ಮೆಟ್ಟಿಲು ಹತ್ತಿ ಇಳಿಯಿರಿ. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ.

ಇನ್ನು ಬಂಜೀ. ಕ್ವೀನ್ಸ್‌ಟೌನ್ ಹತ್ತಿರ ಕವಾರಾವ್ ನದಿಯ ಹಳೆಯ ತೂಗುಸೇತುವೆ ಇದೆ, 43 ಮೀಟರ್ ಎತ್ತರ. 1988ರಲ್ಲಿ ದುಡ್ಡು ಕೊಟ್ಟು ಹಾರುವ ಬಂಜೀ ಶುರುವಾಗಿದ್ದು ಅಲ್ಲೇ. ಅಲ್ಲೇ ಸುತ್ತಮುತ್ತ 134 ಮೀಟರಿನ ನೆವಿಸ್ ಬಂಜೀ ಕೂಡ ಇದೆ. ಮೊದಲ ಸಲವಾದರೆ ಕವಾರಾವ್ ಸಾಕು. ತೂಕ ನೋಡುತ್ತಾರೆ, ಅದನ್ನು ಮಾರ್ಕರಿನಲ್ಲಿ ಕೈ ಮೇಲೆ ಬರೆಯುತ್ತಾರೆ. ಹಗ್ಗ ಯಾವುದು ಅನ್ನುವುದು ಆ ಅಂಕಿಯ ಮೇಲೆ ನಿಂತಿದೆ. ಕಾಲಿಗೆ ಮೊದಲು ಟವೆಲ್ ಸುತ್ತುತ್ತಾರೆ, ಅದರ ಮೇಲೆ ಪಟ್ಟಿ ಬಿಗಿಯುತ್ತಾರೆ. ಹಲಗೆಯ ತುದಿಗೆ ಪುಟ್ಟ ಪುಟ್ಟ ಹೆಜ್ಜೆಯಲ್ಲೇ ಹೋಗಬೇಕು, ಕಾಲು ಕಟ್ಟಿರುತ್ತದಲ್ವಾ. ಕೆಳಗೆ ನೋಡಬೇಡಿ, ಎದುರಿನ ಬಂಡೆ ನೋಡಿ. ಬೀಳುವಾಗ ಕಿರುಚಲೂ ಆಗಲಿಲ್ಲ ನನಗೆ. ಒಂದು ಕ್ಷಣ ಹೊಟ್ಟೆಯೇ ಇಲ್ಲದ ಹಾಗೆ, ಆಮೇಲೆ ಹಗ್ಗ ಹಿಡಿದುಕೊಂಡಿತು. ಕೆಳಗೆ ರಬ್ಬರ್ ದೋಣಿಯಲ್ಲಿ ಇಬ್ಬರು ಉದ್ದನೆಯ ಕೋಲು ಚಾಚಿದರು. ಅದನ್ನು ಹಿಡಿದಾಗ ಸಿಕ್ಕ ಸಮಾಧಾನ ಇದೆಯಲ್ಲ, ಅದಕ್ಕಾಗಿ ಇನ್ನೊಂದು ಸಲ ಹಾರುತ್ತೇನೆ.

ಅದೇ ದಿನ ಮಧ್ಯಾಹ್ನ ಜೆಟ್ ಬೋಟ್. ಇದನ್ನು ಬಳಕೆಗೆ ತಂದದ್ದು ಅದೇ ದ್ವೀಪದ ಬಿಲ್ ಹ್ಯಾಮಿಲ್ಟನ್, 1950ರ ದಶಕದಲ್ಲಿ. ನೀರಿನೊಳಗೆ ತಿರುಗುವ ರೆಕ್ಕೆ ಹೊರಗೆ ಚಾಚಿರುವುದಿಲ್ಲ. ತಳದಿಂದ ನೀರು ಎಳೆದು ಹಿಂದಕ್ಕೆ ಚಿಮ್ಮಿಸುತ್ತದೆ. ಹಾಗಾಗಿ ಗೇಣುದ್ದ ನೀರಿದ್ದರೂ ಓಡುತ್ತದೆ, ನಿಂತಲ್ಲೇ ಗಿರಕಿ ಹೊಡೆಯುತ್ತದೆ.

ಈಗ ಐದನೇ ದಿನದ ಕಥೆ. ಕ್ವೀನ್ಸ್‌ಟೌನ್‌ನಿಂದ ಮಿಲ್ಫರ್ಡ್‌ಗೆ ಸುಮಾರು 290 ಕಿ.ಮೀ., ನಾಲ್ಕು ಗಂಟೆ. ಒಂದೇ ದಿನದಲ್ಲಿ ಹೋಗಿ ಬರೋಣ ಅಂತ ಬೆಳಿಗ್ಗೆ ಆರಕ್ಕೆ ಹೊರಟೆವು. ಹೋಗುವ ದಾರಿ ಸ್ವರ್ಗ. ಕೊನೆಗೆ ಹೋಮರ್ ಸುರಂಗ, 1.2 ಕಿ.ಮೀ., ಬಂಡೆ ಕೊರೆದದ್ದು. 1935ರಲ್ಲಿ ಕೆಲಸ ಶುರುವಾಗಿ ವಾಹನಗಳಿಗೆ ತೆರೆದದ್ದು 1954ರಲ್ಲಿ. ಒಳಗೆ ರಸ್ತೆ ಇಳಿಜಾರು. ಆಚೆ ಬಂದರೆ ಎರಡೂ ಕಡೆ ಗೋಡೆಯಂಥ ಬೆಟ್ಟ, ಎಲ್ಲೆಲ್ಲೂ ನೀರು ಸುರಿಯುತ್ತಿರುತ್ತದೆ. ಅಲ್ಲಿನ ಮಳೆ ಹೆಚ್ಚುಕಡಿಮೆ ನಮ್ಮ ಆಗುಂಬೆಯಷ್ಟೇ, ಆದ್ದರಿಂದ ಮಳೆ ಬಂತೆಂದು ಬೇಜಾರಾಗಬೇಡಿ, ಮಳೆ ಬಿದ್ದಷ್ಟೂ ಜಲಪಾತ ಜಾಸ್ತಿ. ನಾವು ಕಯಾಕ್, ಅಂದರೆ ಹುಟ್ಟು ಹಾಕುವ ಪುಟ್ಟ ದೋಣಿ, ಓಡಿಸಿದೆವು. ತೋಳು ಸೋತುಹೋಯಿತು.

ವಾಪಸ್ ಬರುವಾಗ ಸಂಜೆ ಏಳೂವರೆ. ಇನ್ನೂ ಚೆನ್ನಾಗಿ ಬೆಳಕಿತ್ತು. ಫೆಬ್ರವರಿ ಮೊದಲಲ್ಲಿ ಅಲ್ಲಿ ಹೊತ್ತು ಮುಳುಗುವುದು ಒಂಬತ್ತರ ಸುಮಾರಿಗೆ. ನಮಗೆ ಕತ್ತಲಾದರೆ ಮಾತ್ರ ಸುಸ್ತು ನೆನಪಾಗುವುದು. ಬೆಳಕಿದೆ ಅಂದರೆ ಇನ್ನೂ ಹೋಗಬಹುದು ಅನಿಸುತ್ತದೆ. ಕಿಂಗ್ಸ್‌ಟನ್ ದಾಟಿದ ಮೇಲೆ ರಸ್ತೆ ವಕಾಟಿಪು ಸರೋವರದ ಅಂಚಿನಲ್ಲೇ ತಿರುಗುತ್ತಾ ಹೋಗುತ್ತದೆ. ಓಡಿಸುತ್ತಿದ್ದವನು ಗೆಳೆಯ, ನನಗೂ ತೂಕಡಿಕೆ. ಚಕ್ರದ ಕೆಳಗೆ ಜಲ್ಲಿ ಕರಕರ ಅಂದಿತು. ಕಣ್ಣು ಬಿಟ್ಟರೆ ನನ್ನ ಕಿಟಕಿಯ ಕೆಳಗೆ ನೀರು. "ಲೋ, ನಿಲ್ಸೋ!" ಅಂತ ಕೂಗಿದೆ. ಅವನು ಬೆಚ್ಚಿ ತಿರುಗಿಸಿದ. ಮುಂದೆ ಜಾಗ ಸಿಕ್ಕ ಕಡೆ ನಿಲ್ಲಿಸಿದ. ಎರಡು ನಿಮಿಷವಾದರೂ ಅವನ ಕೈ ಸ್ಟೀರಿಂಗ್ ಬಿಟ್ಟಿರಲಿಲ್ಲ. ಅರ್ಧ ಗಂಟೆ ಅಲ್ಲೇ ಕೂತೆವು. ಮಾತಾಡಲಿಲ್ಲ. ಆಮೇಲೆ ನಾನು ನಿಧಾನವಾಗಿ ಓಡಿಸಿಕೊಂಡು ಬಂದೆ.

ಅದಕ್ಕೇ ಹೇಳುವುದು, ಮಿಲ್ಫರ್ಡ್ ನೋಡಿದ ರಾತ್ರಿ ದಾರಿಯಲ್ಲೇ ಸಿಗುವ ಊರು ಟೆ ಅನಾವ್‌ನಲ್ಲಿ ಉಳಿಯಿರಿ. ಮಿಲ್ಫರ್ಡ್‌ನಿಂದ 120 ಕಿ.ಮೀ. ಅಷ್ಟೇ. ಹೋಗುವಾಗ ಪೆಟ್ರೋಲ್ ತುಂಬಿಸಬೇಕಾದ್ದೂ ಅಲ್ಲೇ, ಮುಂದೆ ಫೋನ್ ಸಿಗ್ನಲ್ಲೂ ಇರುವುದಿಲ್ಲ. ಕ್ರೈಸ್ಟ್‌ಚರ್ಚ್‌ಗೆ ವಾಪಸ್ ಓಡಿಸುವ ಬದಲು ಕಾರನ್ನು ಕ್ವೀನ್ಸ್‌ಟೌನ್‌ನಲ್ಲೇ ಬಿಟ್ಟು ವಿಮಾನ ಹಿಡಿದರೆ ಸುಮಾರು 480 ಕಿ.ಮೀ. ಉಳಿಯುತ್ತದೆ. ಸ್ವಲ್ಪ ಜಾಸ್ತಿ ಖರ್ಚಾದರೂ ಪರವಾಗಿಲ್ಲ.

ನಮ್ಮ ಹಾಗೇ ಎಡಗಡೆ ಓಡಿಸುವ ದೇಶ, ಲೈಸೆನ್ಸ್ ಇಂಗ್ಲಿಷಿನಲ್ಲಿದ್ದರೆ ನಡೆಯುತ್ತದೆ. ಇಲ್ಲದಿದ್ದರೆ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿ. ಒಂದೇ ಗಾಡಿ ಹಿಡಿಸುವ ಸೇತುವೆಗಳು ತುಂಬಾ ಸಿಗುತ್ತವೆ. ಬೋರ್ಡಿನಲ್ಲಿ ನಮ್ಮ ಕಡೆಯ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ನಾವು ನಿಂತು ದಾರಿ ಬಿಡಬೇಕು.

ಅಮ್ಮ ಕೊಟ್ಟ ಚಟ್ನಿಪುಡಿ, ಉಪ್ಪಿನಕಾಯಿ ಇದ್ದರೆ ಏರ್‌ಪೋರ್ಟಿನ ಫಾರ್ಮಿನಲ್ಲಿ ತಪ್ಪದೆ ಬರೆಯಿರಿ. ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಟ್ರೆಕ್ಕಿಂಗ್ ಶೂವಿನ ಮಣ್ಣನ್ನೂ ಊರಲ್ಲೇ ತೊಳೆದುಕೊಂಡು ಹೋಗಿ, ಅದನ್ನೂ ನೋಡುತ್ತಾರೆ. ಇಬ್ಬರಲ್ಲಿ ಯಾರು ಯಾವ ದಿನ ಎಷ್ಟು ಗಂಟೆ ಓಡಿಸುತ್ತೀರಿ ಅಂತ ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳಿ. ನಿಮ್ಮ ದಿನಗಳ ಪಟ್ಟಿ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.