ಆಲಿಕಲ್ಲು ಮಳೆಗೆ ಶೀಟ್ ಒಡೆದಿದೆ, ರಿಪೇರಿ ಮಾಡಿಸಿಬಿಟ್ಟರೆ ಕ್ಲೇಮ್ ಸಿಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮೊನ್ನೆ ಆಲಿಕಲ್ಲು ಬಿದ್ದು ಮಹಡಿಯ ಶೀಟ್ ಒಡೆದಿದೆ, ಸೋಲಾರಿನ ಗಾಜಿನ ಟ್ಯೂಬ್ ಹೋಗಿದೆ. ಹೋಮ್ ಲೋನ್ ಜೊತೆ ಬ್ಯಾಂಕಿನವರು ಮಾಡಿಸಿದ ಇನ್ಶೂರೆನ್ಸ್ ಇದೆ. ಮತ್ತೆ ಮಳೆ ಬರುವಷ್ಟರಲ್ಲಿ ಎಲ್ಲ ಸರಿ ಮಾಡಿಸಿಬಿಡೋಣ ಅಂತ ಇದ್ದೀರಿ.

ಹಾನಿ ನೋಡಿ ಲೆಕ್ಕ ಹಾಕಲು ಇನ್ಶೂರೆನ್ಸ್ ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡುವ ತನಕ ಹೊಸ ಶೀಟ್ ಹಾಕಿಸಬೇಡಿ. ಟಾರ್ಪಾಲ್ ಮಾತ್ರ ಇವತ್ತೇ ಹೊದಿಸಿ, ಯಾಕೆಂದರೆ ಹಾನಿ ಇನ್ನೂ ಬೆಳೆಯದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸವೇ. ಸುಮ್ನೆ ಬಿಟ್ಟು ನೀರು ಒಳಗೆ ಇಳಿದರೆ ಆ ಭಾಗದ ಬಗ್ಗೆ ಕಂಪನಿಯವರು ತಕರಾರು ತೆಗೆಯುತ್ತಾರೆ. ಹೊದಿಸುವ ಮೊದಲು ಫೋಟೊ, ವಿಡಿಯೊ ತೆಗೆದುಕೊಳ್ಳಿ. ಒಡೆದ ಚೂರುಗಳನ್ನು ಒಂದನ್ನೂ ಎಸೆಯಬೇಡಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ ಚೂರು ಎಸೆಯುವ ತಪ್ಪನ್ನು ನಾವೇ ಮಾಡಿಕೊಂಡೆವು. ನಮ್ಮದು ಹಾಸನದ ಕಡೆ, ಕೆಳಗೆ ಆರ್‌ಸಿಸಿ, ಮೇಲೆ ಸ್ವಲ್ಪ ಭಾಗ ಹೆಂಚು, ಸ್ವಲ್ಪ ಸಿಮೆಂಟ್ ಶೀಟ್. ಏಪ್ರಿಲ್ ತಿಂಗಳ ಒಂದು ಸಂಜೆ ಅರ್ಧ ಗಂಟೆ ಸುರಿಯಿತು, ಅಂಗಳ ಬೆಳ್ಳಗಾಯಿತು. ಬೆಳಿಗ್ಗೆ ನಾನು ಊರಿಗೆ ಹೋಗುವಷ್ಟರಲ್ಲಿ ಅಮ್ಮ ಎಲ್ಲ ಗುಡಿಸಿ, ಹೆಂಚಿನ ಚೂರನ್ನು ಓಣಿಯ ಗುಂಡಿಗೆ ತುಂಬಿಸಿಬಿಟ್ಟಿದ್ದರು. ಸರ್ವೇಯರ್ ಬಂದಾಗ ಅಂಗಳ ಹಬ್ಬದ ದಿನದ ಹಾಗೆ ಚೊಕ್ಕ! ಅವರು ಮೇಲೆ ಹತ್ತಿ ನೋಡಿ, ಇಲ್ಲಿ ಹೆಂಚು ಮೊದಲೇ ಹೋಗಿತ್ತಾ ಅಂತ ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕೊನೆಗೆ ಗುಂಡಿಯಿಂದಲೇ ಒಂದು ಬುಟ್ಟಿ ಚೂರು ಆರಿಸಿ ತಂದು ತೋರಿಸಿದ್ದಾಯಿತು. ಎದುರುಮನೆ ಹುಡುಗ ಮಳೆ ಬೀಳುವಾಗ ತೆಗೆದಿದ್ದ ವಿಡಿಯೊದಲ್ಲಿ ನಮ್ಮ ಮಹಡಿಯೂ ಬಿದ್ದಿತ್ತು, ಅದು ನಮ್ಮನ್ನು ಉಳಿಸಿತು.

ಈಗ ನಿಮ್ಮ ಪಾಲಿಸಿ ತೆಗೆದು ನೋಡಿ. ಲೋನ್ ಜೊತೆ ಕೊಡುವ ಇನ್ಶೂರೆನ್ಸ್ ಎಷ್ಟೋ ಸಲ ಸಾಲಗಾರರ ಜೀವಕ್ಕೆ ಮಾಡಿಸಿದ್ದು, ಮನೆಗಲ್ಲ. ಹಾಗಿದ್ದರೆ ಶೀಟಿಗೆ ಏನೂ ಬರುವುದಿಲ್ಲ. ಮನೆಗೇ ಮಾಡಿಸಿದ್ದು, 2021ರ ಏಪ್ರಿಲ್ ಆದ ಮೇಲಿನದ್ದು ಅಂದರೆ ಬಹುಶಃ ಭಾರತ್ ಗೃಹ ರಕ್ಷಾ ಇರುತ್ತದೆ. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ, ಎಲ್ಲ ಕಂಪನಿಗಳೂ ಕೊಡಬೇಕು ಅಂತ ಮಾಡಿದ ಪಾಲಿಸಿ ಅದು. ಬಿರುಗಾಳಿ, ಪ್ರವಾಹ, ಸಿಡಿಲು, ಮರ ಬಿದ್ದು ಆಗುವ ಹಾನಿ ಎಲ್ಲ ಅದರಲ್ಲಿ ಬರುತ್ತದೆ. ಮಹಡಿಗೆ ಕೂರಿಸಿದ ಸೋಲಾರ್, ನೀರಿನ ಟ್ಯಾಂಕ್, ಕಾಂಪೌಂಡ್ ಗೋಡೆ ಕೂಡ ಕಟ್ಟಡದ ಲೆಕ್ಕಕ್ಕೇ ಸೇರುತ್ತವೆ, ಆದ್ದರಿಂದ ಟ್ಯೂಬ್ ಬಿಟ್ಟು ಬರೆಯಬೇಡಿ.

ಇನ್ನೊಂದು ಅನುಕೂಲ ಇದೆ. ಮೊದಲು ಮನೆಗೆ ಮಾಡಿಸುತ್ತಿದ್ದ ಹಳೇ ಬೆಂಕಿ ಪಾಲಿಸಿಗಳಲ್ಲಿ 30 ಲಕ್ಷದ ಕಟ್ಟಡಕ್ಕೆ 15 ಲಕ್ಷಕ್ಕೆ ಮಾಡಿಸಿದ್ದರೆ ಸಣ್ಣ ಹಾನಿಯಲ್ಲೂ ಅರ್ಧವೇ ಕೊಡುತ್ತಿದ್ದರು. ಗೃಹ ರಕ್ಷಾದಲ್ಲಿ ಆ ಕಡಿತ ಇಲ್ಲ. ಯಾರಾದರೂ ಅದನ್ನೇ ಹೇಳಿ ಕಡಿಮೆ ಮಾಡಲು ನೋಡಿದರೆ ಪಾಲಿಸಿ ಮುಂದಿಡಿ.

ಕಂಪನಿಗೆ ಇವತ್ತೇ ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಳ್ಳಿ, ಜೊತೆಗೆ ಒಂದು ಇಮೇಲ್ ಕೂಡ ಹಾಕಿ, ಬರೀ ಫೋನನ್ನು ನಂಬಬೇಡಿ. ಬ್ಯಾಂಕಿಗೂ ತಿಳಿಸಿ. ಲೋನ್ ಇರುವ ಮನೆಯಾದ್ದರಿಂದ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆ, ದುಡ್ಡು ಬಿಡುಗಡೆಯಾಗುವಾಗ ಅವರ ಪತ್ರ ಕೇಳಬಹುದು. ನಮಗೆ ಅದಕ್ಕೇ ಮೂರು ವಾರ ಹೋಯಿತು. 2024ರ ಐಆರ್‌ಡಿಎಐ ಸುತ್ತೋಲೆ ಪ್ರಕಾರ ತಿಳಿಸಿದ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕು, ಅವರು 15 ದಿನದಲ್ಲಿ ವರದಿ ಕೊಡಬೇಕು, ಆಮೇಲೆ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು.

ನಿಜವಾದ ಎಳೆದಾಟ ಇರುವುದು ಇದು ಮಳೆಯ ಹಾನಿಯೋ, ಹಳೇದಾಗಿ ಹೋಗಿದ್ದೋ ಅನ್ನುವುದರಲ್ಲಿ. ಸವೆದದ್ದಕ್ಕೆ, ತುಕ್ಕು ಹಿಡಿದದ್ದಕ್ಕೆ, ವರ್ಷಗಳಿಂದ ಸೋರುತ್ತಿದ್ದ ಜಾಗಕ್ಕೆ ಕೊಡುವುದಿಲ್ಲ. ನಮ್ಮ ಅಡುಗೆಮನೆ ಸೂರಿನ ಕಲೆ ಹಳೇದೇ ಆಗಿತ್ತು, ಅದನ್ನೂ ಸೇರಿಸಿ ಬರೆದಿದ್ದೆ, ಸರ್ವೇಯರ್ ಒಂದೇ ನೋಟಕ್ಕೆ ಹಿಡಿದರು. ಆಮೇಲೆ ಉಳಿದದ್ದನ್ನೂ ಅನುಮಾನದಿಂದಲೇ ನೋಡಿದರು. ದುರಾಸೆ ಬೇಡವಾಗಿತ್ತು, ಏನು ಮಾಡುವುದು. ಹಳೇ ಫೋಟೊ ಹುಡುಕಿ, ಗೃಹಪ್ರವೇಶದ್ದೋ, ಮಹಡಿ ಮೇಲೆ ಹಪ್ಪಳ ಒಣಗಿಸಿದ್ದೋ ಯಾವುದಾದರೂ ಸರಿ, ಶೀಟ್ ಚೆನ್ನಾಗಿತ್ತು ಅಂತ ಕಂಡರೆ ಸಾಕು. ಮಳೆ ಬಂದದ್ದಕ್ಕೆ ಆ ದಿನದ ಪತ್ರಿಕೆಯ ಸುದ್ದಿ ಇಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ, ಆ ಲೆಕ್ಕವೂ ಉಪಯೋಗಕ್ಕೆ ಬರುತ್ತದೆ.

ಎಸ್ಟಿಮೇಟ್ ಬರೆಸುವಾಗ ಮೇಸ್ತ್ರಿಗೆ "ಒಟ್ಟು ಇಷ್ಟು" ಅಂತ ಒಂದೇ ಸಾಲು ಬರೆಯಲು ಬಿಡಬೇಡಿ. ಶೀಟ್ ಎಷ್ಟು, ಅಳತೆ ಏನು, ಕೂಲಿ ಎಷ್ಟು, ಬೇರೆಬೇರೆ ಬರೆಸಿ. ಸಿಮೆಂಟ್ ಶೀಟ್ ತೆಗೆದು ಇದೇ ನೆಪದಲ್ಲಿ ಒಳ್ಳೆಯದನ್ನು ಹಾಕಿಸಿದರೆ ಜಾಸ್ತಿ ಆಗುವ ದುಡ್ಡು ನಿಮ್ಮದೇ.

ಮೊತ್ತ ಕಡಿಮೆ ಅನಿಸಿದರೆ ಡಿಸ್ಚಾರ್ಜ್ ವೋಚರಿಗೆ, ಅಂದರೆ ಇಷ್ಟು ದುಡ್ಡಿಗೆ ಒಪ್ಪಿದ್ದೇನೆ ಅನ್ನುವ ಕಾಗದಕ್ಕೆ, ಸಹಿ ಹಾಕುವ ಮೊದಲು ಸರ್ವೇ ವರದಿಯ ಪ್ರತಿ ಕೇಳಿ, ಅದು ನಿಮ್ಮ ಹಕ್ಕು. ಕಂಪನಿಗೆ ಬರೆದು ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ ಇಂಥ ದೂರು ಕೇಳಿ ತೀರ್ಮಾನಿಸಲು ಬೆಂಗಳೂರಿನಲ್ಲಿ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ. ಐಆರ್‌ಡಿಎಐ ಸಹಾಯವಾಣಿ 155255.

ಗ್ರಾಮ ಆಡಳಿತಾಧಿಕಾರಿಗೂ ಒಂದು ಅರ್ಜಿ ಕೊಟ್ಟಿಡಿ. ಆಲಿಕಲ್ಲು ಮಳೆ ಸರ್ಕಾರದ ವಿಕೋಪ ಪರಿಹಾರದ ಪಟ್ಟಿಯಲ್ಲಿದೆ. ಬರೀ ಶೀಟ್ ಹೋದದ್ದಕ್ಕೆ ದೊಡ್ಡ ದುಡ್ಡೇನೂ ಬರುವುದಿಲ್ಲ, ಆದರೆ ಅವರು ಬಂದು ನೋಡಿ ಬರೆದ ಪಂಚನಾಮೆ ಸರ್ವೇಯರ್ ಮುಂದೆ ತೂಕದ ಕಾಗದ. ಹಾಂ, ಟಾರ್ಪಾಲಿನ ಬಿಲ್ ಜೋಪಾನ. ನಮ್ಮದು ಅಮ್ಮನ ಒಲೆಗೆ ಹೋಯಿತು.